ಮನೆ ಕಂಪ್ಯೂಟರಿನ ಡಿಎನ್‌ಎಸ್ ಬದಲಿಸಿದ್ದು: ಅಳೆದದ್ದು, ಹಾಕಿದ್ದು, ಸಿಕ್ಕಿದ್ದು

ಬ್ರೌಸರ್‌ನಲ್ಲಿ ಹೊಸ ಸೈಟ್ ಒಂದರ ಹೆಸರು ಹಾಕಿ ಎಂಟರ್ ಒತ್ತಿದರೆ ಎರಡು ಮೂರು ಸೆಕೆಂಡು ಏನೂ ಆಗುತ್ತಿರಲಿಲ್ಲ. ಬಿಳಿ ಪರದೆ, ಮೇಲೆ ತಿರುಗುವ ಚಕ್ರ. ಆಮೇಲೆ ಇಡೀ ಪೇಜು ಒಂದೇ ಸಲಕ್ಕೆ ಬಂದುಬಿಡುತ್ತಿತ್ತು. ಅದೇ ಸೈಟ್‌ನ ಒಳಗೆ ಎಷ್ಟು ಓಡಾಡಿದರೂ ತೊಂದರೆ ಇಲ್ಲ. ಬೇರೆ ಸೈಟ್‌ಗೆ ಹೋದರೆ ಮತ್ತೆ ಕಾಯಬೇಕು. ಸಂಜೆ ಹೊತ್ತಿಗೆ ಇದು ಇನ್ನೂ ಜಾಸ್ತಿ.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ, ಕಾಫಿ ತೋಟದ ಒಳಗೆ. ಕರೆಂಟ್ ಕಂಬಗಳ ಮೇಲೆ ಹಾದು ಬಂದ ಫೈಬರ್ ಲೈನ್ ಇದೆ. ಹಾಲ್‌ನಲ್ಲಿ ಒಂದು ಡೆಸ್ಕ್‌ಟಾಪ್. ಬೆಳಗ್ಗೆ ಅತ್ತಿಗೆ ಅದರಲ್ಲಿ ಹೋಮ್‌ಸ್ಟೇ ಬುಕಿಂಗ್ ನೋಡುತ್ತಾರೆ. ಸಂಜೆ ಅಣ್ಣ ಕಾಫಿ ರೇಟು ನೋಡುತ್ತಾನೆ. ರೋಬಸ್ಟಾ ವ್ಯಾಪಾರ ಲಂಡನ್‌ನಲ್ಲಿ, ಅರೇಬಿಕಾ ವ್ಯಾಪಾರ ನ್ಯೂಯಾರ್ಕ್‌ನಲ್ಲಿ. ಇಲ್ಲಿನ 50 ಕೆಜಿ ಚೀಲದ ರೇಟು ಅವುಗಳ ಹಿಂದೆಯೇ ಏರಿಳಿಯುತ್ತದೆ. ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಈಗಲೇ ಕೊಡುವುದೋ, ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳುವುದೋ ಎಂದು ಯೋಚಿಸುವಾಗ ಅವನು ನಾಲ್ಕೈದು ಸೈಟ್ ತೆರೆದು ಹೋಲಿಸುತ್ತಾನೆ. ಒಂದೊಂದಕ್ಕೂ ಹೀಗೆ ಕಾಯಬೇಕಾದರೆ ಯಾರಿಗಾದರೂ ಬೇಜಾರಾಗುತ್ತದೆ.

ಲೈನ್ ಸ್ಪೀಡ್ ಸಾಲದು ಎಂದೇ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಇನ್ನೂ ದೊಡ್ಡ ಪ್ಲಾನ್ ಹಾಕಿಸುವ ಮಾತೂ ನಡೆದಿತ್ತು. ಆದರೆ ಸ್ಪೀಡ್ ಟೆಸ್ಟ್ ಮಾಡಿದರೆ ಪ್ಲಾನ್‌ನಲ್ಲಿ ಹೇಳಿದ 40 ಎಂಬಿಪಿಎಸ್ ಪೂರ್ತಿ ಬರುತ್ತಿತ್ತು.

"ಬರೋಕೆ ಶುರುವಾದ್ರೆ ಬೇಗ ಬರುತ್ತೆ. ಶುರುವಾಗೋದೇ ಲೇಟು, ನೀನೇ ನೋಡು ಬೇಕಾದ್ರೆ," ಎಂದರು ಅತ್ತಿಗೆ.

ಅವರು ಹೇಳಿದ್ದರಲ್ಲೇ ಅರ್ಧ ಉತ್ತರ ಇತ್ತು. ಪೇಜು ಶುರುವಾಗುವುದು ತಡ, ಶುರುವಾದ ಮೇಲೆ ವೇಗ ಎಂದರೆ ಮೊದಲು ನೋಡಬೇಕಾದದ್ದು ಡಿಎನ್‌ಎಸ್. ಪ್ಲಾನ್ ದೊಡ್ಡದು ಮಾಡಿದರೆ ಇದು ಸರಿಹೋಗುವುದಿಲ್ಲ. ದುಡ್ಡು ಮಾತ್ರ ಹೋಗುತ್ತದೆ.

ಡಿಎನ್‌ಎಸ್ ಮಾಡುವ ಕೆಲಸ

ನಾವು ಸೈಟ್‌ನ ಹೆಸರು ಹಾಕುತ್ತೇವೆ. ಕಂಪ್ಯೂಟರಿಗೆ ಬೇಕಾದದ್ದು ಅಂಕಿಗಳ ವಿಳಾಸ, ಅಂದರೆ ಐಪಿ ಅಡ್ರೆಸ್. ಹೆಸರಿನಿಂದ ಅಂಕಿ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ನಮ್ಮ ಕಡೆ ತೋಟದ ಮನೆಗಳಿಗೆ ನಂಬರು ನೋಡಿಕೊಂಡು ಯಾರೂ ಬರುವುದಿಲ್ಲ. ಸುಂಟಿಕೊಪ್ಪದಲ್ಲಿ ಬಸ್ ಇಳಿದು, ಅಂಗಡಿಯಲ್ಲಿ ಮನೆಯ ಹೆಸರು ಹೇಳಿ ದಾರಿ ಕೇಳುತ್ತಾರೆ. ಅಂಗಡಿಯವರು ಬೇರೆ ಕೆಲಸದಲ್ಲಿದ್ದರೆ ಬಂದವರು ಅಲ್ಲೇ ನಿಲ್ಲಬೇಕು, ರಸ್ತೆ ಎಷ್ಟೇ ಚೆನ್ನಾಗಿದ್ದರೂ. ನಮ್ಮ ಕಂಪ್ಯೂಟರಿಗೆ ಆಗುತ್ತಿದ್ದದ್ದು ಅದೇ.

ಮೊದಲು ಈ ಕೆಲಸ ಒಂದೇ ಒಂದು ಫೈಲಿನಲ್ಲಿ ನಡೆಯುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲ್ಲ ಹೆಸರುಗಳ ಪಟ್ಟಿ ಇಡುತ್ತಿದ್ದರು, ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಾದಂತೆ ಅದು ನಿಭಾಯಿಸಲು ಆಗದ ಕೆಲಸವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವಿನ್ಯಾಸ ಮಾಡಿದರು. ಆ ಹಳೇ ಪಟ್ಟಿಯ ಗುರುತು ವಿಂಡೋಸ್‌ನಲ್ಲಿ ಇವತ್ತೂ ಇದೆ. ಹೋಸ್ಟ್ಸ್ ಎಂಬ ಪುಟ್ಟ ಫೈಲು ಅದು. ಅದರಲ್ಲಿ ಏನಾದರೂ ಬರೆದಿದ್ದರೆ ಕಂಪ್ಯೂಟರ್ ಡಿಎನ್‌ಎಸ್ ಸರ್ವರನ್ನು ಕೇಳದೆ ಅದನ್ನೇ ನಂಬುತ್ತದೆ. ಹಾಗಾಗಿ ಶುರುವಿನಲ್ಲೇ ಅದನ್ನೊಮ್ಮೆ ತೆರೆದು ನೋಡಿದೆ. ನಮ್ಮದರಲ್ಲಿ ಏನೂ ಇರಲಿಲ್ಲ.

ಹೆಸರು ಹುಡುಕುವ ಸರ್ವರಿಗೆ ಉತ್ತರ ಮೊದಲೇ ಗೊತ್ತಿದ್ದರೆ ತಕ್ಷಣ ಕೊಡುತ್ತದೆ. ಗೊತ್ತಿಲ್ಲದಿದ್ದರೆ ಅದು ಮೇಲಿನಿಂದ ಕೇಳಿಕೊಂಡು ಬರಬೇಕು. ಮೊದಲು ರೂಟ್ ಸರ್ವರ್. ಇವುಗಳಿಗೆ ಎ ಇಂದ ಎಂ ತನಕ 13 ಹೆಸರುಗಳಿವೆ. ಡಾಟ್ ಇನ್ ಹೆಸರಾದರೆ ಅಲ್ಲಿಂದ ನಮ್ಮ ದೇಶದ ಡಾಟ್ ಇನ್ ಸರ್ವರ್‌ಗಳಿಗೆ. ಇದರ ಜವಾಬ್ದಾರಿ ನಿಕ್ಸಿ ಎಂಬ ಸಂಸ್ಥೆಯದು. ಕೊನೆಗೆ ಆ ಸೈಟ್‌ನವರ ಸ್ವಂತ ಡಿಎನ್‌ಎಸ್ ಸರ್ವರಿಗೆ. ಸಿಕ್ಕಿದ ಉತ್ತರವನ್ನು ಇಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬ ಗಡುವು ಉತ್ತರದ ಜೊತೆಗೇ ಬರುತ್ತದೆ. ಅದಕ್ಕೆ ಟಿಟಿಎಲ್ ಎನ್ನುತ್ತಾರೆ. ಒಂದು ಸಲ ತೆರೆದ ಸೈಟ್ ಮತ್ತೆ ಬೇಗ ತೆರೆಯಲು ಇದೂ ಒಂದು ಕಾರಣ.

ಒಂದು ಪೇಜಿಗೆ ಒಂದೇ ಹೆಸರು ಸಾಕಾಗುವುದಿಲ್ಲ. ಕಾಫಿ ರೇಟಿನ ಪೇಜನ್ನೇ ನೋಡಿ. ಅಕ್ಷರದ ಫಾಂಟ್ ಒಂದು ಕಡೆಯಿಂದ, ಚಿತ್ರ ಇನ್ನೊಂದು ಕಡೆಯಿಂದ, ಜಾಹೀರಾತು ಹತ್ತಾರು ಕಡೆಯಿಂದ ಬರುತ್ತವೆ. ಒಂದೊಂದು ಹೆಸರಿಗೂ ಒಂದೊಂದು ಹುಡುಕಾಟ.

ಮುಟ್ಟುವ ಮೊದಲು ಅಳೆದದ್ದು

ಡಿಎನ್‌ಎಸ್ ಬದಲಿಸಿ ಎಂದು ಹೇಳುವವರು ತುಂಬ ಜನ ಸಿಗುತ್ತಾರೆ. ಬದಲಿಸುವ ಮೊದಲು ತೊಂದರೆ ಅಲ್ಲೇ ಇದೆಯೇ ಎಂದು ನೋಡಿಕೊಳ್ಳಿ ಎನ್ನುವವರು ಕಡಿಮೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಸಂಖ್ಯೆ ಬರೆದಿಟ್ಟುಕೊಳ್ಳದೆ ಸೆಟ್ಟಿಂಗ್ ಬದಲಿಸಿದರೆ ಆಮೇಲೆ ಬೇಗ ಆಯಿತೋ, ಬೇಗ ಆಯಿತು ಎಂದು ಅನ್ನಿಸಿತೋ ಗೊತ್ತಾಗುವುದಿಲ್ಲ.

ಮೊದಲು ವೈಫೈ ಆಫ್ ಮಾಡಿ, ರೌಟರ್‌ನಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಹಾಕಿದೆ. ನಮ್ಮದು ಹಳೇ ಮನೆ, ಗೋಡೆಗಳು ತುಂಬ ದಪ್ಪ. ವೈಫೈ ಸಿಗ್ನಲ್ ಒಂದು ಕೋಣೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ವೈಫೈ ತೊಂದರೆಯನ್ನು ಡಿಎನ್‌ಎಸ್ ತೊಂದರೆ ಎಂದುಕೊಂಡರೆ ಇಡೀ ಕೆಲಸ ದಾರಿ ತಪ್ಪುತ್ತದೆ.

ಆಮೇಲೆ ಕಮಾಂಡ್ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋಸ್ ಕಿಟಕಿ ತೆರೆದೆ. ಓದಲು ಅನುಕೂಲ ಆಗಲಿ ಎಂದು ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ತೋರಿಸುವ ಕಮಾಂಡ್ ಪಿಂಗ್. ಪಿಂಗ್ 192.168.1.1 ಎಂದು ನಮ್ಮ ರೌಟರಿನ ವಿಳಾಸ ಹೊಡೆದು ಅದನ್ನೇ ಕೇಳಿದೆ. ಒಂದು ಮಿಲಿಸೆಕೆಂಡಿನ ಒಳಗೆ ಉತ್ತರ. ಮನೆಯೊಳಗೆ ತೊಂದರೆ ಇಲ್ಲ. ಪಿಂಗ್ 1.1.1.1 ಎಂದು ಹೊರಗಿನ ಒಂದು ವಿಳಾಸ ಕೇಳಿದೆ. ಹದಿನೈದು ಮಿಲಿಸೆಕೆಂಡಿನ ಆಸುಪಾಸು, ಒಂದೂ ತಪ್ಪಲಿಲ್ಲ. ಲೈನೂ ಚೆನ್ನಾಗಿದೆ. ಮೂರನೆಯದಾಗಿ ಪಿಂಗ್ ಎಂದು ಹಾಕಿ ಅಂಕಿಯ ಬದಲು ಒಂದು ಸೈಟ್‌ನ ಹೆಸರು ಕೊಟ್ಟೆ. ಈಗ ಸಿಕ್ಕಿತು ಕಳ್ಳ. ಎಂಟರ್ ಒತ್ತಿದ ಮೇಲೆ ಕರ್ಸರ್ ಸುಮ್ನೆ ಮಿನುಗುತ್ತಾ ನಿಂತಿತು. ಎರಡು ಸೆಕೆಂಡು ಕಳೆದ ಮೇಲೆ ಮೊದಲ ಸಾಲು ಬಂತು. ಅದರ ಕೆಳಗಿನ ಉತ್ತರಗಳೆಲ್ಲ ಪಟಪಟನೆ ಬಂದವು.

ಅಂಕಿ ಕೊಟ್ಟರೆ ತಕ್ಷಣ, ಹೆಸರು ಕೊಟ್ಟರೆ ತಡ. ಆ ತಡ ಪೂರ್ತಿ ಹೆಸರು ಹುಡುಕುವುದರಲ್ಲೇ ಹೋಗುತ್ತಿದೆ. ಡಿಎನ್‌ಎಸ್ ತೊಂದರೆ ಗುರುತಿಸಲು ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಎರಡು ಪಿಂಗ್, ಅಷ್ಟೇ.

ಬ್ರೌಸರ್‌ನಲ್ಲೂ ಇದನ್ನು ನೋಡಬಹುದು. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಪೇಜನ್ನು ಮತ್ತೆ ಲೋಡ್ ಮಾಡಿ, ಯಾವುದಾದರೂ ಸಾಲಿನ ಮೇಲೆ ಕ್ಲಿಕ್ ಮಾಡಿ ಟೈಮಿಂಗ್ ತೆರೆದರೆ ಡಿಎನ್‌ಎಸ್ ಲುಕಪ್ ಎಂಬ, ಹೊತ್ತು ಎಷ್ಟು ಹಿಡಿಯಿತೋ ಅಷ್ಟು ಉದ್ದದ ಬಣ್ಣದ ಪಟ್ಟಿ ಕಾಣುತ್ತದೆ. ಅದರ ಕೆಳಗೆ ಕನೆಕ್ಷನ್, ಕಾಯುವ ಸಮಯ, ಡೌನ್‌ಲೋಡ್ ಎಲ್ಲ ಬೇರೆ ಬೇರೆ. ಕಾಫಿ ರೇಟಿನ ಪೇಜಿನಲ್ಲಿ ಮಿಕ್ಕ ಪಟ್ಟಿಗಳೆಲ್ಲ ಚಿಕ್ಕವು, ಡಿಎನ್‌ಎಸ್ ಪಟ್ಟಿ ಮಾತ್ರ ಉದ್ದ. ಅಣ್ಣನನ್ನು ಕರೆದು ತೋರಿಸಿದೆ.

"ಹಂಗಾದ್ರೆ ಪ್ಲಾನ್ ಬದಲಾಯಿಸೋದು ಬೇಡ ಅಲ್ವಾ?" ಎಂದ.

"ಬೇಡ ಅಣ್ಣ, ಮೊದಲು ಇದು ನೋಡೋಣ," ಎಂದೆ.

ಮುಂದಿನ ಪ್ರಶ್ನೆ: ನಮ್ಮ ಕಂಪ್ಯೂಟರ್ ಯಾರನ್ನು ಕೇಳುತ್ತಿದೆ? ಐಪಿಕಾನ್ಫಿಗ್ /ಆಲ್ ಎಂದು ಹೊಡೆದರೆ ಡಿಎನ್‌ಎಸ್ ಸರ್ವರ್ ಎಂಬ ಸಾಲಿನಲ್ಲಿ 192.168.1.1 ಇತ್ತು. ಅದು ರೌಟರೇ. ಆದರೆ ರೌಟರಿಗೆ ಸ್ವಂತವಾಗಿ ಏನೂ ಗೊತ್ತಿರುವುದಿಲ್ಲ. ಅದು ಇಂಟರ್ನೆಟ್ ಕಂಪನಿಯ ಸರ್ವರಿಗೆ ಪ್ರಶ್ನೆ ದಾಟಿಸುತ್ತದೆ, ಉತ್ತರ ತಂದುಕೊಡುತ್ತದೆ. ಬ್ರೌಸರ್‌ನಲ್ಲಿ 192.168.1.1 ತೆರೆದು, ರೌಟರ್‌ಗೆ ಲಾಗಿನ್ ಆಗಿ, ಸ್ಟೇಟಸ್ ಪುಟದಲ್ಲಿ ವ್ಯಾನ್ ಎಂಬ, ಹೊರಗಿನ ಲೈನಿನ ವಿವರ ಇರುವ ಭಾಗ ನೋಡಿದೆ. ಕಂಪನಿ ಕೊಟ್ಟಿದ್ದ ಎರಡು ಡಿಎನ್‌ಎಸ್ ವಿಳಾಸ ಅಲ್ಲಿದ್ದವು. ಎರಡನ್ನೂ ಕಾಗದದಲ್ಲಿ ಬರೆದುಕೊಂಡೆ.

ಈಗ ಒಂದೊಂದನ್ನೇ ನೇರವಾಗಿ ಕೇಳುವುದು. ಎನ್‌ಎಸ್‌ಲುಕಪ್ ಎಂದು ಹಾಕಿ, ಸೈಟ್ ಹೆಸರು, ಒಂದು ಜಾಗ ಬಿಟ್ಟು ಸರ್ವರಿನ ವಿಳಾಸ. ಎರಡನೇ ಸರ್ವರ್ ಪ್ರತಿ ಸಲವೂ ಉತ್ತರ ಕೊಟ್ಟಿತು. ಮೊದಲನೆಯದು ಬೆಳಗ್ಗೆ ಕೊಟ್ಟಿತು. ಸಂಜೆ ಏಳರ ಮೇಲೆ ಕೇಳಿದರೆ ಮೂರಕ್ಕೆ ಒಂದು ಸಲ ಡಿಎನ್‌ಎಸ್ ರಿಕ್ವೆಸ್ಟ್ ಟೈಮ್ಡ್ ಔಟ್, ಟೈಮ್‌ಔಟ್ ವಾಸ್ 2 ಸೆಕೆಂಡ್ಸ್ ಎಂಬ ಸಾಲು. ಎರಡು ಸೆಕೆಂಡು ಕಾದರೂ ಉತ್ತರ ಬರಲಿಲ್ಲ ಎಂದು ಅದರ ಅರ್ಥ.

ಇಲ್ಲಿ ವಿಷಯ ಸ್ಪಷ್ಟವಾಯಿತು. ಕಂಪನಿಯ ಸರ್ವರ್ ನಿಧಾನ ಅಲ್ಲ. ಉತ್ತರ ಕೊಟ್ಟಾಗ ಬೇಗನೇ ಕೊಡುತ್ತಿತ್ತು. ಕೆಲವು ಸಲ ಉತ್ತರವನ್ನೇ ಕೊಡುತ್ತಿರಲಿಲ್ಲ. ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಯುಡಿಪಿ ಎಂಬ ರೀತಿಯಲ್ಲಿ, 53ನೇ ಪೋರ್ಟ್‌ಗೆ ಹೋಗುತ್ತದೆ. ಅದರಲ್ಲಿ ಪ್ರಶ್ನೆ ತಲುಪಿತು ಎಂಬ ರಸೀದಿ ಇಲ್ಲ. ಕೇಳಿದವರು ಸ್ವಲ್ಪ ಹೊತ್ತು ಕಾದು, ಬರಲಿಲ್ಲ ಎಂದು ತೀರ್ಮಾನಿಸಿ, ಮತ್ತೆ ಕೇಳಬೇಕು ಅಥವಾ ಎರಡನೆಯವರನ್ನು ಕೇಳಬೇಕು. ನಮ್ಮ ಮನೆಯ ಆ ಎರಡು ಸೆಕೆಂಡು ಈ ಕಾಯುವಿಕೆಯೇ. ಸರಾಸರಿ ವೇಗ ಮಾತ್ರ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಯಾವುದನ್ನು ಹಾಕುವುದು

ಎಲ್ಲರಿಗೂ ತೆರೆದಿರುವ ಡಿಎನ್‌ಎಸ್ ಸರ್ವರ್‌ಗಳು ಹಲವಿವೆ. ಓಪನ್‌ಡಿಎನ್‌ಎಸ್ 2006ರಿಂದ ಇದೆ, ವಿಳಾಸ 208.67.222.222. ಗೂಗಲ್‌ನದು 2009ರ ಡಿಸೆಂಬರ್‌ನಲ್ಲಿ ಬಂತು, 8.8.8.8 ಮತ್ತು 8.8.4.4. ಕ್ವಾಡ್9 ಎಂಬುದು 2017ರಲ್ಲಿ ಬಂತು, 9.9.9.9. ಲಾಭಕ್ಕಾಗಿ ನಡೆಯದ ಸಂಸ್ಥೆ ಅದು. ವೈರಸ್ ಹರಡುವ, ಮೋಸ ಮಾಡುವ ಹೆಸರುಗಳಿಗೆ ಉತ್ತರ ಕೊಡುವುದಿಲ್ಲ. ಕ್ಲೌಡ್‌ಫ್ಲೇರ್‌ನದು 2018ರ ಏಪ್ರಿಲ್ 1ರಂದು ಬಂತು, 1.1.1.1 ಮತ್ತು 1.0.0.1.

ಒಂದೇ ವಿಳಾಸ ಇದ್ದರೂ ಸರ್ವರ್ ಒಂದೇ ಊರಿನಲ್ಲಿ ಇರುವುದಿಲ್ಲ. ಎನಿಕ್ಯಾಸ್ಟ್ ಎಂಬ ವಿಧಾನದಲ್ಲಿ ಜಗತ್ತಿನ ಎಷ್ಟೋ ಊರುಗಳಿಂದ ಅದೇ ವಿಳಾಸವನ್ನು ಸಾರುತ್ತಾರೆ. ನಮ್ಮ ಪ್ರಶ್ನೆ ದಾರಿಯಲ್ಲಿ ಹತ್ತಿರ ಇರುವುದಕ್ಕೆ ಹೋಗುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಮಡಿಕೇರಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್. ಕೇಬಲ್ ಅದೇ ದಾರಿಯಲ್ಲಿ ಹೋಗುತ್ತದೆ ಎಂದುಕೊಂಡರೆ ಹೋಗಿ ಬರಲು ಎರಡೂವರೆ ಮಿಲಿಸೆಕೆಂಡು ಸಾಕು. ಉಳಿದ ಹೊತ್ತು ನಡುವಿನ ಯಂತ್ರಗಳಲ್ಲಿ, ಸುತ್ತು ದಾರಿಗಳಲ್ಲಿ ಹೋಗುತ್ತದೆ. ಕೊಡಗು ದೂರ, ಅದಕ್ಕೇ ನಿಧಾನ ಎನ್ನುವ ಮಾತು ನಮ್ಮಲ್ಲಿ ಆಗಾಗ ಕೇಳುತ್ತದೆ. ಈ ಲೆಕ್ಕ ಒಮ್ಮೆ ಮಾಡಿ ನೋಡಿದರೆ ಅದು ಸರಿಯಲ್ಲ ಎಂದು ಗೊತ್ತಾಗುತ್ತದೆ. ನಮ್ಮ ಊರಿಗೂ ಒಳ್ಳೆಯ ಸೇವೆ ಕೊಡಲು ದೂರ ಅಡ್ಡಿ ಅಲ್ಲ.

ಅಳೆಯಲು ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್ ಬಳಸಿದೆ. ಮೆಷರ್-ಕಮಾಂಡ್ ಎಂದು ಹಾಕಿ, ಹೂಬ್ರಾಕೆಟ್ ಒಳಗೆ ರಿಸಾಲ್ವ್-ಡಿಎನ್‌ಎಸ್‌ನೇಮ್, ಸೈಟ್ ಹೆಸರು, -ಸರ್ವರ್, ಆಮೇಲೆ ವಿಳಾಸ. ಕೊನೆಯ ಸಾಲಿನಲ್ಲಿ ಎಷ್ಟು ಮಿಲಿಸೆಕೆಂಡು ಎಂದು ಬರುತ್ತದೆ. ಪವರ್‌ಶೆಲ್ ತೆರೆದ ಮೇಲೆ ಮೊದಲ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬಾರದು. ಆ ಪ್ರೋಗ್ರಾಂ ತನ್ನನ್ನೇ ಸಿದ್ಧ ಮಾಡಿಕೊಳ್ಳುವ ಹೊತ್ತೂ ಅದರಲ್ಲಿ ಸೇರಿರುತ್ತದೆ. ಕಮಾಂಡ್ ಬೇಡ ಎನ್ನುವವರಿಗೆ ಸ್ಟೀವ್ ಗಿಬ್ಸನ್ ಬರೆದ ಡಿಎನ್‌ಎಸ್ ಬೆಂಚ್‌ಮಾರ್ಕ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಹತ್ತಾರು ಸರ್ವರ್‌ಗಳನ್ನು ತಾನೇ ಕೇಳಿ, ಪಟ್ಟಿ ಮಾಡಿ ತೋರಿಸುತ್ತದೆ. ಲಿನಕ್ಸ್‌ನಲ್ಲಾದರೆ ಡಿಗ್ ಕಮಾಂಡಿನ ಕೊನೆಯಲ್ಲಿ ಕ್ವೆರಿ ಟೈಮ್ ಎಂಬ ಸಾಲು ತಾನಾಗಿಯೇ ಬರುತ್ತದೆ.

ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಅಳೆದೆ. ಕಂಪನಿಯ ಎರಡನೇ ಸರ್ವರ್ ಹತ್ತು ಮಿಲಿಸೆಕೆಂಡಿನ ಒಳಗೇ ಉತ್ತರ ಕೊಡುತ್ತಿತ್ತು. ನಿಜ ಹೇಳಬೇಕೆಂದರೆ ವೇಗದಲ್ಲಿ ಅದೇ ಮುಂದೆ. ಕ್ಲೌಡ್‌ಫ್ಲೇರ್ ಹದಿನೈದರ ಆಸುಪಾಸು, ಗೂಗಲ್ ಇಪ್ಪತ್ತರ ಮೇಲೆ. ಉಳಿದ ಎರಡು ನಮ್ಮ ಲೈನಿನಲ್ಲಿ ಇನ್ನೂ ಹಿಂದೆ. ಹತ್ತಕ್ಕೂ ಇಪ್ಪತ್ತಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡು ಸೆಕೆಂಡಿನ ಟೈಮ್‌ಔಟ್ ಗೊತ್ತಾಗುತ್ತದೆ. ಹಾಗಾಗಿ ನಾನು ನೋಡಿದ್ದು ಯಾವುದು ಒಂದು ಸಲವೂ ತಪ್ಪಲಿಲ್ಲ ಎಂಬುದನ್ನು. ಕ್ಲೌಡ್‌ಫ್ಲೇರ್, ಗೂಗಲ್ ಎರಡೂ ತಪ್ಪಲಿಲ್ಲ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಿಡಿಯೋ ಕೊಡುವ ದೊಡ್ಡ ಕಂಪನಿಗಳು ತಮ್ಮ ವಿಡಿಯೋಗಳ ನಕಲನ್ನು ಊರೂರಲ್ಲಿ, ಕೆಲವು ಸಲ ಇಂಟರ್ನೆಟ್ ಕಂಪನಿಯ ಕಟ್ಟಡದ ಒಳಗೇ ಇಟ್ಟಿರುತ್ತವೆ. ಯಾವ ನಕಲನ್ನು ನಮಗೆ ಕೊಡಬೇಕು ಎಂದು ತೀರ್ಮಾನಿಸುವಾಗ ಎಷ್ಟೋ ಸಲ ಡಿಎನ್‌ಎಸ್ ಪ್ರಶ್ನೆ ಎಲ್ಲಿಂದ ಬಂತು ಎಂದು ನೋಡುತ್ತವೆ. ಕಂಪನಿಯ ಡಿಎನ್‌ಎಸ್ ಕೇಳಿದರೆ ಹತ್ತಿರದ ನಕಲು ಸಿಗುವ ಸಾಧ್ಯತೆ ಹೆಚ್ಚು. ಹೊರಗಿನ ಡಿಎನ್‌ಎಸ್ ಕೇಳಿದರೆ ದೂರದ್ದು ಸಿಗಬಹುದು. ಇದಕ್ಕಾಗಿ ಗೂಗಲ್ ಡಿಎನ್‌ಎಸ್ ಕೇಳಿದವರ ವಿಳಾಸದ ಒಂದು ಭಾಗವನ್ನು ಮುಂದಕ್ಕೆ ದಾಟಿಸುತ್ತದೆ. ಕ್ಲೌಡ್‌ಫ್ಲೇರ್ ಗ್ರಾಹಕರ ಖಾಸಗಿತನ ಎಂದು ಅದನ್ನು ದಾಟಿಸುವುದಿಲ್ಲ.

ಅದಕ್ಕೇ ಒಂದು ವಿಡಿಯೋ ಸರ್ವರಿನ ಹೆಸರನ್ನು ಎಫ್12 ಪಟ್ಟಿಯಿಂದ ತೆಗೆದುಕೊಂಡು ಮೂರೂ ಕಡೆ ಕೇಳಿದೆ. ಬಂದ ವಿಳಾಸಗಳಿಗೆ ಒಂದೊಂದಾಗಿ ಪಿಂಗ್ ಮಾಡಿದೆ. ಕಂಪನಿಯ ಡಿಎನ್‌ಎಸ್ ಮತ್ತು ಗೂಗಲ್ ಕೊಟ್ಟ ವಿಳಾಸಗಳು ಹತ್ತಿರದವು. ಕ್ಲೌಡ್‌ಫ್ಲೇರ್ ಕೊಟ್ಟದ್ದು ಅದಕ್ಕಿಂತ ಎರಡು ಪಟ್ಟು ದೂರ. ಇದು ನಮ್ಮ ಲೈನಿನ ಕತೆ. ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಬೇರೆ ಕಂಪನಿಯ ಲೈನ್ ಇದ್ದರೆ ಉತ್ತರ ಬೇರೆ ಬರಬಹುದು. ಅಲ್ಲೇ ಅಳೆಯಬೇಕು.

ಕೊನೆಗೆ ಹೀಗೆ ಮಾಡಿದೆ. ಡೆಸ್ಕ್‌ಟಾಪ್‌ನಲ್ಲಿ ನೋಡುವುದು ಹೆಚ್ಚಾಗಿ ಪೇಜುಗಳು. ಅದಕ್ಕೆ 1.1.1.1. ಟಿವಿ, ಮೊಬೈಲ್, ಹೋಮ್‌ಸ್ಟೇ ಅತಿಥಿಗಳು ಎಲ್ಲ ರೌಟರ್ ಮೂಲಕ. ಅಲ್ಲಿ ವಿಡಿಯೋ ಜಾಸ್ತಿ. ಅದಕ್ಕೆ 8.8.8.8.

ಡೆಸ್ಕ್‌ಟಾಪ್‌ನಲ್ಲಿ ಹಾಕಿದ್ದು

ನಮ್ಮದು ವಿಂಡೋಸ್ 11. ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರಲ್ಲಿ ಈಥರ್ನೆಟ್. ಕೆಳಗೆ ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎಂಬ ಸಾಲು, ಪಕ್ಕದಲ್ಲಿ ಎಡಿಟ್. ಆಟೋಮ್ಯಾಟಿಕ್ ಇದ್ದದ್ದನ್ನು ಮ್ಯಾನ್ಯುಯಲ್ ಮಾಡಿ, ಐಪಿವಿ4 ಆನ್ ಮಾಡಿದೆ. ಪ್ರಿಫರ್ಡ್ ಜಾಗದಲ್ಲಿ 1.1.1.1, ಆಲ್ಟರ್ನೇಟ್ ಜಾಗದಲ್ಲಿ 1.0.0.1. ವೈಫೈಗೆ ಇದೇ ಸೆಟ್ಟಿಂಗ್ ಬೇರೆಯೇ ಇರುತ್ತದೆ. ಲ್ಯಾನ್‌ಗೆ ಹಾಕಿದ್ದು ವೈಫೈಗೆ ಬರುವುದಿಲ್ಲ, ಎರಡು ಕಡೆಯೂ ಹಾಕಬೇಕು. ವಿಂಡೋಸ್ 10 ಇರುವವರು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ ಡಾಟ್ ಸಿಪಿಎಲ್ ಎಂದು ಹಾಕಿದರೆ ಹಳೇ ಕಾಲದ ಕಿಟಕಿ ಬರುತ್ತದೆ. ಅಡಾಪ್ಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4. ಅಲ್ಲೂ ಇದೇ ಎರಡು ಜಾಗ.

ಐಪಿವಿ6 ವಿಷಯವನ್ನು ಮರೆಯಬಾರದು. ಈಗ ಎಷ್ಟೋ ಕಂಪನಿಗಳು ಹಳೇ ಬಗೆಯ ಐಪಿ ವಿಳಾಸವಾದ ಐಪಿವಿ4 ಜೊತೆಗೆ ಹೊಸ ಬಗೆಯ ಐಪಿವಿ6 ವಿಳಾಸವನ್ನೂ ಕೊಡುತ್ತವೆ. ಆಗ ರೌಟರ್ ಐಪಿವಿ6 ಡಿಎನ್‌ಎಸ್ ವಿಳಾಸವನ್ನೂ ಕಂಪ್ಯೂಟರಿಗೆ ಹೇಳಿರುತ್ತದೆ. ಐಪಿವಿ4 ಮಾತ್ರ ಬದಲಿಸಿದರೆ ವಿಂಡೋಸ್ ಆ ದಾರಿಯಲ್ಲಿ ಹಳೇ ಸರ್ವರನ್ನು ಕೇಳುತ್ತಲೇ ಇರಬಹುದು. ಬದಲಿಸಿದರೂ ಏನೂ ಆಗಲಿಲ್ಲ ಎನ್ನುವವರು ಮೊದಲು ಇದನ್ನು ನೋಡಿ. ಅದೇ ಕಿಟಕಿಯಲ್ಲಿ ಐಪಿವಿ6 ಆನ್ ಮಾಡಿ 2606:4700:4700::1111 ಮತ್ತು 2606:4700:4700::1001 ಹಾಕಿದೆ. ಗೂಗಲ್ ಬೇಕಾದವರಿಗೆ 2001:4860:4860::8888 ಮತ್ತು 2001:4860:4860::8844.

ವಿಳಾಸದ ಕೆಳಗೆ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಎಂಬ ಆಯ್ಕೆ ಇದೆ. ಅದನ್ನೂ ಆನ್ ಮಾಡಿದೆ. ಸಾಮಾನ್ಯ ಡಿಎನ್‌ಎಸ್ ಪ್ರಶ್ನೆ ತೆರೆದ ಕಾಗದದಲ್ಲಿ ಹೋಗುತ್ತದೆ. ನಾವು ಯಾವ ಸೈಟ್ ಕೇಳಿದೆವು ಎಂದು ದಾರಿಯಲ್ಲಿರುವ ಯಾರು ಬೇಕಾದರೂ ಓದಬಹುದು, ತಿದ್ದಲೂಬಹುದು. ಈ ಆಯ್ಕೆ ಇದ್ದರೆ ಪ್ರಶ್ನೆ ಮುಚ್ಚಿಕೊಂಡು ಹೋಗುತ್ತದೆ. 2018ರಲ್ಲಿ ಇದರ ನಿಯಮ ಪ್ರಕಟವಾಯಿತು. ಆದರೆ ಉತ್ತರ ಕೊಡುವ ಕಂಪನಿಗೆ ಪ್ರಶ್ನೆ ಗೊತ್ತಾಗಿಯೇ ಆಗುತ್ತದೆ. ಯಾರನ್ನು ನಂಬುವುದು ಎಂಬ ಆಯ್ಕೆ ಬದಲಾಗುತ್ತದೆ ಅಷ್ಟೇ. ಹೋಮ್‌ಸ್ಟೇ ಲೆಕ್ಕ, ಬ್ಯಾಂಕ್ ಕೆಲಸ ಎಲ್ಲ ಮಾಡುವ ಕಂಪ್ಯೂಟರಿಗೆ ಮುಚ್ಚಿದ ದಾರಿಯೇ ಇರಲಿ ಎಂದು ನನಗನ್ನಿಸಿತು.

ಸೇವ್ ಒತ್ತಿದ ಮೇಲೆ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಹೊಡೆದು ಹಳೇ ನೆನಪು ಅಳಿಸಿದೆ. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆದೆ. ಬ್ರೌಸರಿಗೆ ಅದರದ್ದೇ ನೆನಪು ಇರುತ್ತದೆ. ಕ್ರೋಮ್, ಎಡ್ಜ್‌ಗಳಲ್ಲಿ ಸೆಕ್ಯೂರ್ ಡಿಎನ್‌ಎಸ್ ಎಂಬ ಬೇರೆ ಸೆಟ್ಟಿಂಗೂ ಇದೆ. ಅಲ್ಲಿ ಯಾರಾದರೂ ಬೇರೆ ಸರ್ವರ್ ಹಾಕಿದ್ದರೆ ಬ್ರೌಸರ್ ವಿಂಡೋಸ್ ಮಾತು ಕೇಳುವುದಿಲ್ಲ.

ಕೆಲಸ ಆಗಿದೆಯೇ ಎಂದು ನೋಡಲು ಬ್ರೌಸರ್‌ನಲ್ಲಿ 1.1.1.1 ಎಂದು ಹಾಕಿ, ಓರೆಗೆರೆ ಹಾಕಿ ಹೆಲ್ಪ್ ಎಂದು ಸೇರಿಸಿ. ಕನೆಕ್ಟೆಡ್ ಎಂಬಲ್ಲಿ ಯೆಸ್, ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಎಂಬಲ್ಲೂ ಯೆಸ್ ಬಂದರೆ ಆಯಿತು. ಯಾವ ಊರಿನ ಸರ್ವರ್ ಎಂದೂ ಅಲ್ಲಿ ತೋರಿಸುತ್ತದೆ, ವಿಮಾನ ನಿಲ್ದಾಣದ ಮೂರಕ್ಷರದ ಗುರುತಿನಲ್ಲಿ. ಬಿಎಲ್‌ಆರ್ ಅಂದರೆ ಬೆಂಗಳೂರು, ಎಂಎಎ ಅಂದರೆ ಚೆನ್ನೈ, ಬಿಒಎಂ ಅಂದರೆ ಮುಂಬೈ. ನಮಗೆ ಬಂದದ್ದು ಬಿಎಲ್‌ಆರ್.

ರೌಟರ್ ಮತ್ತು ಅತಿಥಿಗಳ ವೈಫೈ

ರೌಟರ್‌ನಲ್ಲಿ ಮನೆಯ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಭಾಗದಲ್ಲಿ ಪ್ರೈಮರಿ, ಸೆಕೆಂಡರಿ ಡಿಎನ್‌ಎಸ್ ಜಾಗಗಳಿದ್ದವು. 8.8.8.8 ಮತ್ತು 8.8.4.4 ಹಾಕಿ, ಸೇವ್ ಮಾಡಿ, ರೀಸ್ಟಾರ್ಟ್ ಮಾಡಿದೆ. ಕೆಲವು ಕಂಪನಿಗಳು ಕೊಡುವ ಬಾಕ್ಸ್‌ನಲ್ಲಿ ಈ ಜಾಗಕ್ಕೆ ಬೀಗ ಹಾಕಿರುತ್ತಾರೆ. ಆಗ ಒಂದೊಂದು ಸಾಧನದಲ್ಲೇ ಬದಲಿಸಬೇಕು. ಆಂಡ್ರಾಯ್ಡ್ 9 ಅಥವಾ ಮೇಲಿನ ಮೊಬೈಲ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇದೆ. ಅದರಲ್ಲಿ ಅಂಕಿ ಹಾಕಿದರೆ ಒಪ್ಪುವುದಿಲ್ಲ, ಹೆಸರು ಬೇಕು. ಡಿಎನ್‌ಎಸ್ ಡಾಟ್ ಗೂಗಲ್ ಎಂದು ಹಾಕಬಹುದು. ಕ್ಲೌಡ್‌ಫ್ಲೇರ್‌ಗೆ ಒನ್ ಎಂಬ ಪದ ನಾಲ್ಕು ಸಲ, ನಡುವೆ ಚುಕ್ಕಿ.

ಮಕ್ಕಳು ಬಳಸುವ ಲ್ಯಾಪ್‌ಟಾಪ್‌ಗೆ 1.1.1.3 ಮತ್ತು 1.0.0.3 ಹಾಕಿದೆ. ವಯಸ್ಕರ ಸೈಟ್‌ಗಳನ್ನೂ ಮೋಸದ ಸೈಟ್‌ಗಳನ್ನೂ ಅದು ತಡೆಯುತ್ತದೆ. ಇಲ್ಲಿ ಎರಡನೇ ಜಾಗದಲ್ಲೂ ತಡೆ ಇರುವ ವಿಳಾಸವೇ ಇರಬೇಕು. ಒಂದು ಕಡೆ 1.1.1.3, ಇನ್ನೊಂದು ಕಡೆ 8.8.8.8 ಹಾಕಿದರೆ ಮೊದಲನೆಯದು ಉತ್ತರ ಕೊಡದ ಹೊತ್ತಿನಲ್ಲಿ ತಡೆ ಇಲ್ಲದೆ ಹೋಗುತ್ತದೆ.

ಸಿಕ್ಕಿದ್ದು, ಸಿಗದೇ ಇದ್ದದ್ದು

ಸಂಜೆ ಏಳರ ಮೇಲೆ ಅದೇ ಪಿಂಗ್, ಅದೇ ಪೇಜುಗಳನ್ನು ಮತ್ತೆ ನೋಡಿದೆ. ಹೆಸರು ಕೊಟ್ಟು ಎಂಟರ್ ಒತ್ತಿದರೆ ಮೊದಲ ಸಾಲು ತಕ್ಷಣ ಬಂತು. ಎಫ್12 ಪಟ್ಟಿಯಲ್ಲಿ ಡಿಎನ್‌ಎಸ್ ಭಾಗ ಸಣ್ಣ ಗೆರೆಯಷ್ಟಾಗಿತ್ತು. ಅಣ್ಣ ಐದೂ ಸೈಟ್‌ಗಳನ್ನು ಸಾಲಾಗಿ ತೆರೆದ. ಯಾವುದೂ ನಿಲ್ಲಲಿಲ್ಲ. ಅತ್ತಿಗೆ ಮಾರನೇ ದಿನ ಬುಕಿಂಗ್ ಕೆಲಸ ಮುಗಿಸಿ, "ಈಗ ಸರಿ ಇದೆ, ಇದನ್ನ ಹಿಂಗೇ ಬಿಡು," ಎಂದರು.

ಸ್ಪೀಡ್ ಟೆಸ್ಟ್‌ನಲ್ಲಿ ಅದೇ 40. ದೊಡ್ಡ ಫೈಲ್ ಡೌನ್‌ಲೋಡ್ ಒಂದು ಚೂರೂ ಬೇಗ ಆಗಲಿಲ್ಲ, ಆಗಲೂಬಾರದು. ಡಿಎನ್‌ಎಸ್ ದಾರಿ ಹೇಳುತ್ತದೆ, ಸಾಮಾನು ಹೊರುವುದು ಅದರ ಕೆಲಸ ಅಲ್ಲ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ತುಂಡಾದರೆ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ. ಕೆಲವು ಸರ್ಕಾರಿ ಪೇಜುಗಳು ಈಗಲೂ ನಿಧಾನವೇ. ಎಫ್12ರಲ್ಲಿ ನೋಡಿದರೆ ಅಲ್ಲಿ ತಡ ಇರುವುದು ಅವರ ಸರ್ವರ್ ಉತ್ತರ ಕೊಡುವುದರಲ್ಲಿ.

ಲ್ಯಾಪ್‌ಟಾಪ್ ಹಿಡಿದು ಊರಾಚೆ ಹೋಗುವವರಿಗೆ ಒಂದು ಮಾತು. ಲಾಡ್ಜ್, ರೈಲ್ವೆ ಸ್ಟೇಷನ್‌ಗಳ ವೈಫೈಯಲ್ಲಿ ಮೊದಲು ಲಾಗಿನ್ ಪೇಜು ಬರಬೇಕಲ್ಲ, ನಾವೇ ಹಾಕಿದ ಡಿಎನ್‌ಎಸ್ ಇದ್ದರೆ ಅದು ಕೆಲವು ಸಲ ಬರುವುದೇ ಇಲ್ಲ. ಕೆಲವು ಹಳೇ ಯಂತ್ರಗಳು 1.1.1.1 ವಿಳಾಸವನ್ನು ತಮ್ಮ ಒಳಗಿನ ಕೆಲಸಕ್ಕೆ ಬಳಸಿಕೊಂಡಿರುತ್ತವೆ, ಅಲ್ಲಂತೂ ಅದು ನಡೆಯುವುದಿಲ್ಲ. ಎಡಿಟ್‌ಗೆ ಹೋಗಿ ಮ್ಯಾನ್ಯುಯಲ್ ಇದ್ದದ್ದನ್ನು ಆಟೋಮ್ಯಾಟಿಕ್ ಮಾಡಿದರೆ ಎಲ್ಲ ಮೊದಲಿನಂತೆ ಆಗುತ್ತದೆ.

ಇಂಟರ್ನೆಟ್ ಕಂಪನಿಗೂ ದೂರು ಕೊಟ್ಟೆ. ನಾವು ಬೇರೆ ಡಿಎನ್‌ಎಸ್ ಹಾಕಿಕೊಂಡೆವು, ಆದರೆ ಅದೇ ಲೈನಿನಲ್ಲಿರುವ ಅಕ್ಕಪಕ್ಕದ ಮನೆಯವರಿಗೆ ತೊಂದರೆ ಹಾಗೇ ಇದೆಯಲ್ಲ. ನೆಟ್ ಸ್ಲೋ ಎಂದು ಹೇಳಿದರೆ ಅವರು ಸ್ಪೀಡ್ ಟೆಸ್ಟ್ ಮಾಡಿ, ಸರಿ ಇದೆ ಎಂದು ಹೋಗುತ್ತಾರೆ. ಅದಕ್ಕೆ ಮೊದಲ ಸರ್ವರಿನ ವಿಳಾಸ, ಟೈಮ್‌ಔಟ್ ಬಂದ ಹೊತ್ತು, ಎನ್‌ಎಸ್‌ಲುಕಪ್ ಕಿಟಕಿಯ ಫೋಟೋ ಎಲ್ಲ ಸೇರಿಸಿ ಲೈನ್ ನೋಡುವ ಹುಡುಗನಿಗೆ ವಾಟ್ಸಾಪ್ ಮಾಡಿದೆ. ಅವನು ಅದನ್ನು ಹಾಗೇ ಮೇಲಿನ ಆಫೀಸಿಗೆ ಕಳಿಸಿದ. ಸ್ವಲ್ಪ ದಿನದ ನಂತರ ರೌಟರ್ ಸ್ಟೇಟಸ್ ಪುಟದಲ್ಲಿ ಮೊದಲ ಸರ್ವರಿನ ಜಾಗಕ್ಕೆ ಹೊಸ ವಿಳಾಸ ಬಂದಿತ್ತು. ಸಂಜೆ ಹೊತ್ತು ಕೇಳಿ ನೋಡಿದೆ, ಅದು ಉತ್ತರ ಕೊಡುತ್ತಿದೆ.

ಇನ್ನು ಉಳಿದದ್ದು ರೌಟರ್ ಸೆಟ್ಟಿಂಗ್ ಕಾಪಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ಬಾಕ್ಸ್ ಸುಟ್ಟುಹೋಗುವುದು ನಮ್ಮ ಕಡೆ ಹೊಸದಲ್ಲ. ಹೊಸ ಬಾಕ್ಸ್ ಬಂದರೆ ಡಿಎನ್‌ಎಸ್ ಮತ್ತೆ ಕಂಪನಿಯದ್ದೇ ಆಗಿರುತ್ತದೆ. ಹಾಗಾಗಿ ರೌಟರ್‌ನ ಬ್ಯಾಕಪ್ ಆಯ್ಕೆಯಿಂದ ಸೆಟ್ಟಿಂಗ್ ಫೈಲನ್ನು ಡೆಸ್ಕ್‌ಟಾಪ್‌ಗೆ ಇಳಿಸಿಟ್ಟೆ. ಬೇರೆ ಮಾದರಿಯ ಬಾಕ್ಸ್ ಬಂದರೆ ಆ ಫೈಲು ನಡೆಯದೇ ಇರಬಹುದು. ಅದಕ್ಕೆ ಹಳೇ ವಿಳಾಸ, ಹೊಸ ವಿಳಾಸ, ಯಾವ ಪುಟದಲ್ಲಿ ಹಾಕಬೇಕು ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಕಾಫಿ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ್ದೇನೆ. ನಾನು ಮನೆಯಲ್ಲಿ ಇಲ್ಲದಿದ್ದರೂ ಅತ್ತಿಗೆ ಅದನ್ನು ನೋಡಿಕೊಂಡು ಹಾಕಬಹುದು.